ಓದುಗರ ಸ್ಪಂದನ: ಮಗಳ ಪದವಿ ಸಮಾರಂಭಕ್ಕೆ ಹೋಗಬೇಕು, ವಿಮಾನ ಹತ್ತಲು ಭಯ

ಕಳೆದ ಸಂಚಿಕೆಯಲ್ಲಿ ಐವತ್ತು ದಾಟಿದ ಓದುಗರೊಬ್ಬರು ತಮ್ಮ ಸಮಸ್ಯೆ ಬರೆದಿದ್ದರು. ಮಗಳು ಹೊರದೇಶದಲ್ಲಿ ಓದುತ್ತಿದ್ದಾಳೆ. ಪದವಿ ಪ್ರದಾನಕ್ಕೆ ಅಪ್ಪ ಬರಲೇಬೇಕು ಅಂತ ಹಟ ಹಿಡಿದಿದ್ದಾಳೆ. ಇವರಿಗೆ ವಿಮಾನವೆಂದರೆ ಭಯ. ಹಿಂದೊಮ್ಮೆ ಹತ್ತಿದ್ದಾಗ ವಿಮಾನ ಜೋರಾಗಿ ಕುಲುಕಿತ್ತು. ಆಮೇಲೆ ಹತ್ತಿಲ್ಲ. ಮನೆಯವರಿಗೆ ಬೆನ್ನುನೋವು, ರಜೆ ಸಿಗಲ್ಲ ಅಂತ ಹೇಳಿಕೊಂಡು ಬಂದಿದ್ದಾರೆ. ‘ಭಯ ಪೂರ್ತಿ ಹೋದ ಮೇಲೆ ಟಿಕೆಟ್ ತೆಗೆಯೋಣ ಅಂದುಕೊಂಡಿದ್ದೇನೆ. ಅದು ಹೋಗುವುದು ಹೇಗೆ?’ ಎಂಬುದು ಅವರ ಪ್ರಶ್ನೆ. ಬಂದ ಪತ್ರಗಳು ಬಹಳ. ಕೆಲವನ್ನು ಪೂರ್ತಿ, ಕೆಲವನ್ನು ಮೊಟಕು ಮಾಡಿ ಕೊಟ್ಟಿದ್ದೇವೆ. ಯಾರ ಹೆಸರನ್ನೂ ಹಾಕಿಲ್ಲ.

ಬೆನ್ನುನೋವು ಅಂತ ಮಗಳಿಗೆ ಸುಳ್ಳು ಹೇಳುವುದನ್ನು ಮೊದಲು ನಿಲ್ಲಿಸಿ. ಅವಳೇನು ಚಿಕ್ಕ ಮಗುವೇ? ಭಯ ಇದೆ ಅಂದರೆ ನಿಮ್ಮ ಮರ್ಯಾದೆ ಹೋಗುವುದಿಲ್ಲ. ಎಲ್ಲರ ಅಪ್ಪ ಅಮ್ಮ ಬಂದು ಕೂತಿರುವಾಗ ನಿಮ್ಮ ಕುರ್ಚಿ ಖಾಲಿ ಇದ್ದರೆ ಅವಳ ಮುಖ ಹೇಗಿರುತ್ತದೆ, ಯೋಚನೆ ಮಾಡಿ.
— ನಿವೃತ್ತ ಶಿಕ್ಷಕಿ

ಸಂ: ಮಾತು ಸ್ವಲ್ಪ ಖಾರ. ಆದರೂ ಇದನ್ನೇ ಮೊದಲು ಹಾಕಬೇಕು ಅನ್ನಿಸಿತು.

ನಾನು ವಿಮಾನಗಳ ನಿರ್ವಹಣೆಯ ಕೆಲಸದಲ್ಲಿದ್ದೇನೆ. ‘ಮೇಲೇರಿದ ಸ್ವಲ್ಪ ಹೊತ್ತಿಗೇ ಎಂಜಿನ್ ನಿಂತುಹೋಯಿತು ಅನ್ನಿಸಿತು’ ಎಂದು ಬರೆದಿದ್ದೀರಿ. ಅದು ನಿಂತಿರಲಿಲ್ಲ. ನೆಲ ಬಿಡುವಾಗ ಎಂಜಿನ್ನಿಗೆ ಜಾಸ್ತಿ ಶಕ್ತಿ ಬೇಕು. ಸಾವಿರ, ಒಂದೂವರೆ ಸಾವಿರ ಅಡಿ ಏರಿದ ಮೇಲೆ ಅಷ್ಟು ಬೇಡ. ಆಗ ಶಕ್ತಿಯನ್ನು ಇಳಿಸುತ್ತಾರೆ. ಸದ್ದು ತಗ್ಗುತ್ತದೆ, ವಿಮಾನದ ಮೂಗು ಕೊಂಚ ಬಾಗುತ್ತದೆ. ಒಳಗೆ ಕೂತವರಿಗೆ ಕೆಳಗೆ ಬೀಳುತ್ತಿದ್ದೇವೆ ಅನ್ನಿಸುತ್ತದೆ. ಆಗಲೂ ವಿಮಾನ ಮೇಲೇರುತ್ತಲೇ ಇರುತ್ತದೆ. ನಮ್ಮ ಒಳಕಿವಿಗೆ ವೇಗ ಬದಲಾಗಿದ್ದು ತಿಳಿಯುತ್ತದೆಯೇ ಹೊರತು ಎಷ್ಟು ವೇಗದಲ್ಲಿದ್ದೇವೆ ಅನ್ನುವುದು ತಿಳಿಯುವುದಿಲ್ಲ.

ಅದಕ್ಕೂ ಮೊದಲು ಕಾಲಡಿಯಲ್ಲಿ ‘ದಡ್’ ಅನ್ನುವುದು ಚಕ್ರಗಳು ಒಳಗೆ ಮಡಚಿಕೊಂಡು ಅವುಗಳ ಬಾಗಿಲು ಮುಚ್ಚಿಕೊಳ್ಳುವ ಸದ್ದು. ಎಳೆದೆಳೆದು ‘ಗುಂಯ್’ ಅನ್ನುವುದು ರೆಕ್ಕೆಯ ಹಿಂಬದಿಯ ಫ್ಲ್ಯಾಪ್‌ಗಳು ಒಳಗೆ ಸರಿಯುವುದು. ಏರ್‌ಬಸ್ ಎ320ರಲ್ಲಿ ಕೂತರೆ, ವಿಮಾನ ಇನ್ನೂ ನೆಲದ ಮೇಲಿರುವಾಗಲೇ ನಾಯಿ ಬೊಗಳಿದ ಹಾಗೆ ಒಂದು ಸದ್ದು ಕೇಳಬಹುದು. ಒಂದು ಹೈಡ್ರಾಲಿಕ್ (ದ್ರವದ ಒತ್ತಡದಿಂದ ಭಾಗಗಳನ್ನು ಆಡಿಸುವ) ವ್ಯವಸ್ಥೆಯಲ್ಲಿ ಒತ್ತಡ ಕಡಿಮೆಯಾದಾಗ ಇನ್ನೊಂದರ ಬಲದಿಂದ ಅದಕ್ಕೆ ಒತ್ತಡ ಕೊಡುವ ಯಂತ್ರ ಅದು. ಅದರ ಕೆಲಸವನ್ನು ಅದು ಮಾಡುತ್ತಿದೆ ಅಷ್ಟೇ.

ಇನ್ನು ಕುಲುಕಾಟ. ಕಿಟಕಿಯಿಂದ ನೋಡಿದರೆ ರೆಕ್ಕೆ ಮೇಲೆ ಕೆಳಗೆ ಆಡುತ್ತಿರುತ್ತದೆ. ಅದು ಬಾಗಲೆಂದೇ ಹಾಗೆ ಮಾಡಿರುತ್ತಾರೆ. 2010ರ ಮಾರ್ಚ್‌ನಲ್ಲಿ ಬೋಯಿಂಗ್ 787ರ ರೆಕ್ಕೆಯನ್ನು ನೆಲದ ಮೇಲೆ ಪರೀಕ್ಷೆ ಮಾಡಿದರು. ಬಳಕೆಯಲ್ಲಿ ಎದುರಾಗಬಹುದಾದ ಅತಿ ದೊಡ್ಡ ಹೊರೆ ಎಷ್ಟು ಅಂತ ಲೆಕ್ಕ ಹಾಕಿ, ಅದರ ಒಂದೂವರೆ ಪಟ್ಟು ಹೇರಿದರು. ರೆಕ್ಕೆ ಸುಮಾರು 25 ಅಡಿ ಮೇಲಕ್ಕೆ ಬಾಗಿತು, ಮುರಿಯಲಿಲ್ಲ.

ಎರಡೂ ಎಂಜಿನ್ ಕೈಕೊಟ್ಟರೆ? 2001ರ ಆಗಸ್ಟ್‌ನಲ್ಲಿ ಹಾಗೂ ಆಗಿದೆ. ಏರ್ ಟ್ರಾನ್ಸಾಟ್ 236 ವಿಮಾನದ ಇಂಧನ ಸೋರಿಹೋಗಿ, ಅಟ್ಲಾಂಟಿಕ್ ಸಾಗರದ ಮೇಲೆ ಎರಡೂ ಎಂಜಿನ್ ನಿಂತವು. ಪೈಲಟ್‌ಗಳು ಸುಮಾರು 120 ಕಿಲೋಮೀಟರ್ ವಿಮಾನವನ್ನು ತೇಲಿಸಿಕೊಂಡೇ ತಂದು ಅಜೋರ್ಸ್ ದ್ವೀಪಸಮೂಹದಲ್ಲಿ ಇಳಿಸಿದರು. ಒಳಗಿದ್ದ 306 ಜನರೂ ಬದುಕಿದರು. ಎಂಜಿನ್ ಬದಲಿಸುವಾಗ ಸರಿಹೊಂದದ ಒಂದು ಭಾಗ ಹಾಕಿದ್ದು ಸೋರಿಕೆಗೆ ಕಾರಣ ಅಂತ ತನಿಖೆ ಹೇಳಿತು. ಅಂದರೆ ನನ್ನಂಥವರ ಕೈಯಲ್ಲಾದ ತಪ್ಪು. ಇಂಥ ವರದಿಗಳು ಮುಚ್ಚಿಹೋಗುವುದಿಲ್ಲ. ಕೆಲಸಕ್ಕೆ ಸೇರಿದವರಿಗೆ ಪಾಠ ಮಾಡುತ್ತಾರೆ. ನಾವು ಸಹಿ ಹಾಕದೆ ವಿಮಾನ ಹೊರಡುವುದಿಲ್ಲ, ಆ ಸಹಿಯನ್ನು ನಾನು ಹಗುರವಾಗಿ ಹಾಕುವುದಿಲ್ಲ.
— ವಿಮಾನ ನಿರ್ವಹಣಾ ಎಂಜಿನಿಯರ್

ಸಂ: ಇಷ್ಟು ಕಾಳಜಿಯಿಂದ ಬರೆದದ್ದಕ್ಕೆ ಧನ್ಯವಾದ. ಆದರೆ ಲೆಕ್ಕ ಕೇಳಿ ಎಲ್ಲರ ಭಯವೂ ಹೋಗುವುದಿಲ್ಲ.

ನನಗೆ ವಿಮಾನ ಬೀಳುತ್ತದೆ ಅನ್ನುವ ಭಯ ಯಾವತ್ತೂ ಇರಲಿಲ್ಲ. ಬಾಗಿಲು ಮುಚ್ಚಿದ ಮೇಲೆ ಇಳಿಯಲು ಆಗಲ್ಲವಲ್ಲ, ಅದೇ ಭಯ. ಲಿಫ್ಟಿನಲ್ಲೂ ಹಾಗೇ ಆಗುತ್ತಿತ್ತು. ವಿಮಾನ ಎಷ್ಟು ಗಟ್ಟಿ ಅಂತ ಯಾರು ಎಷ್ಟು ಹೇಳಿದರೂ ನನಗೆ ತಟ್ಟುತ್ತಿರಲಿಲ್ಲ. ಹಾಗಾಗಿ ನಿಮ್ಮದು ಯಾವ ಭಯ ಅಂತ ಮೊದಲು ನೋಡಿಕೊಳ್ಳಿ. ಬೀಳುವುದೋ, ಎತ್ತರವೋ, ಮುಚ್ಚಿದ ಜಾಗವೋ, ಅಥವಾ ಎಲ್ಲರ ಮುಂದೆ ಒದ್ದಾಡಿಬಿಡುತ್ತೇನೆ ಅನ್ನುವುದೋ. ನನಗೆ ಗಾಳಿ ಸಾಲುತ್ತಿಲ್ಲ ಅನ್ನಿಸುತ್ತಿತ್ತು. ಆಮೇಲೆ ಗೊತ್ತಾಯಿತು, ಒಳಗಿನ ಗಾಳಿ ಎರಡು ಮೂರು ನಿಮಿಷಕ್ಕೊಮ್ಮೆ ಬದಲಾಗುತ್ತದೆ. ನಾನೇ ಬೇಗ ಬೇಗ, ಜಾಸ್ತಿ ಜಾಸ್ತಿ ಎಳೆದುಕೊಳ್ಳುತ್ತಿದ್ದೆ. ಹಾಗೆ ಮಾಡಿದರೆ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಕಡಿಮೆಯಾಗುತ್ತದಂತೆ. ಬೆರಳು ಜುಮ್ಮೆನ್ನುವುದು, ತಲೆ ಸುತ್ತುವುದು ಅದರಿಂದಲೇ. ಉಸಿರು ಎಳೆಯುವುದಕ್ಕಿಂತ ಬಿಡುವುದನ್ನು ನಿಧಾನ ಮಾಡಿ. ನಡುದಾರಿ ಪಕ್ಕದ ಸೀಟು ತಗೊಳ್ಳಿ. ನಾನು ಈಗಲೂ ಕಿಟಕಿ ಪಕ್ಕ ಕೂರುವುದಿಲ್ಲ. ಆದರೆ ಹೋಗಿ ಬರುತ್ತೇನೆ.
— ಬ್ಯಾಂಕ್ ಉದ್ಯೋಗಿ

ನನಗೂ ಇದೇ ಕಾಯಿಲೆ. ಉತ್ತರ ಸಿಕ್ಕರೆ ದಯವಿಟ್ಟು ನನಗೂ ತಿಳಿಸಿ.
— ಊರು, ಹೆಸರು ಬರೆಯದ ಓದುಗರು

ವಿಮಾನ ಹತ್ತದಿದ್ದರೆ ಬದುಕು ನಿಲ್ಲುತ್ತದೆಯೇ? ಐಸಾಕ್ ಅಸಿಮೋವ್ ಬಾಹ್ಯಾಕಾಶದ ಕತೆ ಬರೆದು ಹೆಸರಾದವರು, ವಿಮಾನ ಮಾತ್ರ ಬೇಡವೇ ಬೇಡ ಅಂದರು. ಡಚ್ ಫುಟ್‌ಬಾಲ್ ಆಟಗಾರ ಡೆನಿಸ್ ಬರ್ಗ್‌ಕ್ಯಾಂಪ್ ಕೂಡ ಹಾಗೇ. ದೂರದ ಪಂದ್ಯಗಳಿಗೆ ನೆಲದ ಮೇಲೇ ಹೋದರು, ಆಗದಿದ್ದರೆ ಬಿಟ್ಟರು. ಯಾರೂ ಅವರನ್ನು ಸಣ್ಣವರು ಅಂದುಕೊಂಡಿಲ್ಲ. ಸಮಾರಂಭವನ್ನು ಮೊಬೈಲಿನಲ್ಲೂ ನೋಡಬಹುದು. ಮನಸ್ಸಿಗೆ ಹಿಂಸೆ ಕೊಟ್ಟುಕೊಳ್ಳಬೇಡಿ.
— ಹಿರಿಯ ಓದುಗರು

ಸಂ: ಹತ್ತಲೇಬೇಕು ಎಂದು ಯಾರನ್ನೂ ಬಲವಂತ ಮಾಡುವಂತಿಲ್ಲ, ನಿಜ. ಬರ್ಗ್‌ಕ್ಯಾಂಪ್ ಮಾತ್ರ ವಿಷಯವನ್ನು ಮುಚ್ಚಿಡಲಿಲ್ಲ. ಕ್ಲಬ್ಬಿನ ಒಪ್ಪಂದದಲ್ಲೇ ಬರೆಸಿಕೊಂಡಿದ್ದರು. ಮುಂದಿನ ಪತ್ರ ಉದ್ದವಾಗಿದೆ. ಕತ್ತರಿಸಲು ಮನಸ್ಸಾಗಲಿಲ್ಲ.

ಇದನ್ನು ನಾನು ಮಗಳಾಗಿ ಬರೆಯುತ್ತಿದ್ದೇನೆ. ಭಯ ಹೋಗಲಾಡಿಸುವುದು ಹೇಗೆ ಅಂತ ನನಗೆ ಗೊತ್ತಿಲ್ಲ. ನೀವು ಕೇಳದೇ ಇರುವ ಒಂದು ವಿಷಯ ಹೇಳಬೇಕಿದೆ.

ಮದುವೆಯಾಗಿ ಹೊರದೇಶಕ್ಕೆ ಬಂದೆ. ಅಮ್ಮ ಒಂದು ಸಲವೂ ನನ್ನ ಮನೆಗೆ ಬರಲಿಲ್ಲ. ಪ್ರತಿ ವರ್ಷ ಕರೆಯುತ್ತಿದ್ದೆ, ಪ್ರತಿ ಸಲ ಒಂದು ನೆಪ. ಮಂಡಿನೋವು. ಅಪ್ಪನನ್ನು ನೋಡಿಕೊಳ್ಳುವವರಿಲ್ಲ. ಅಲ್ಲಿಯ ಚಳಿ ತಡೆಯಲ್ಲ. ಬೇಸಿಗೆಯಲ್ಲಿ ಬಾ ಅಂದರೆ ಬೇಸಿಗೆಗೆ ಬೇರೆ ನೆಪ. ಮೊದಮೊದಲು ನಂಬಿದೆ. ಆಮೇಲೆ ನಾನೇ ಒಂದು ಕಾರಣ ಹುಡುಕಿಕೊಂಡೆ. ನನ್ನದು ನಾನೇ ಆರಿಸಿಕೊಂಡ ಮದುವೆ. ಅಮ್ಮ ಆಗ ಹೂಂ ಅಂದಿದ್ದಳು. ಆದರೆ ಒಳಗೊಳಗೇ ಕೋಪ ಇಟ್ಟುಕೊಂಡಿದ್ದಾಳೆ, ಅದಕ್ಕೇ ನನ್ನ ಹೊಸ್ತಿಲು ತುಳಿಯುತ್ತಿಲ್ಲ ಅಂದುಕೊಂಡೆ. ಒಮ್ಮೆ ಹಾಗೆ ಅಂದುಕೊಂಡ ಮೇಲೆ ಫೋನಿನಲ್ಲಿ ಅವಳು ಏನಂದರೂ ಹಾಗೇ ಕೇಳಿಸತೊಡಗಿತು. ‘ಅಳಿಯಂದಿರು ಹೇಗಿದ್ದಾರೆ’ ಅಂತ ಕೇಳಿದರೂ ಚುಚ್ಚಿದಂತಾಗುತ್ತಿತ್ತು. ಕರೆಯುವುದನ್ನು ಕಡಿಮೆ ಮಾಡಿದೆ. ಆಮೇಲೆ ಬಿಟ್ಟೇಬಿಟ್ಟೆ. ಆಗ ಅವಳಿಗೆ ಹಾಯೆನಿಸಿತೋ, ಸಂಕಟವಾಯಿತೋ, ಯಾರನ್ನು ಕೇಳಲಿ?

ಅಮ್ಮ ಹೋದ ಮೇಲೆ ಅವಳ ಬೀರು ತೆಗೆದು ಬಟ್ಟೆ ವಿಂಗಡಿಸುತ್ತಿದ್ದೆವು. ತಳದಲ್ಲಿ ಒಂದು ಪ್ಲಾಸ್ಟಿಕ್ ಕವರ್. ಅದರಲ್ಲಿ ಎರಡು ಪಾಸ್‌ಪೋರ್ಟ್. ಒಂದು ಅವಧಿ ಮುಗಿದದ್ದು, ಮೂಲೆ ಕತ್ತರಿಸಿದ್ದರು. ಇನ್ನೊಂದು ಹೊಸದು. ನಾನು ಕರೆಯುವುದನ್ನು ಬಿಟ್ಟ ಮೇಲೆ ಮಾಡಿಸಿದ್ದು. ಎರಡರಲ್ಲೂ ಒಂದೇ ಒಂದು ಮುದ್ರೆಯಿಲ್ಲ. ಜೊತೆಗೆ ವೀಸಾ ಅಳತೆಯ ಫೋಟೋಗಳು. ಕನ್ನಡಕ ತೆಗೆಸಿದ್ದಾರೆ, ಅಮ್ಮ ಕಣ್ಣು ಕಿರಿದು ಮಾಡಿ ಎದುರಿಗೆ ನೋಡುತ್ತಿದ್ದಾಳೆ. ಚಿಕ್ಕಮ್ಮನನ್ನು ಕೇಳಿದೆ. ‘ವಿಮಾನ ಅಂದ್ರೆ ಅಕ್ಕನಿಗೆ ಜೀವ ಹೋಗ್ತಿತ್ತು ಕಣೇ. ನಿನಗೆ ಹೇಳಬಾರದು ಅಂತ ನನ್ನ ಕೈಲಿ ಆಣೆ ಹಾಕಿಸಿಕೊಂಡಿದ್ದಳು. ಅಳಿಯಂದಿರ ಮುಂದೆ ನಗೆಪಾಟಲಾಗುತ್ತೆ ಅಂತ’ ಅಂದರು.

ಭಯ ಅಂತ ಒಂದು ಮಾತು ಹೇಳಿದ್ದರೆ ಸಾಕಿತ್ತು. ನಾನೇ ಬಂದು ಕರೆದುಕೊಂಡು ಹೋಗುತ್ತಿದ್ದೆ. ಪಕ್ಕದಲ್ಲಿ ಕೂತು ಕೈ ಹಿಡಿದುಕೊಳ್ಳುತ್ತಿದ್ದೆ. ಆಗಲೂ ಆಗಲ್ಲ ಅಂದಿದ್ದರೆ ಬೇಡ ಬಿಡು ಅಂತ ನಾನೇ ಇನ್ನೊಂದು ಸಲ ಬರುತ್ತಿದ್ದೆ. ನನ್ನ ಮೇಲೆ ಕೋಪವಿಲ್ಲ ಅಂತ ತಿಳಿದಿದ್ದರೆ ಅಷ್ಟೇ ಸಾಕಾಗುತ್ತಿತ್ತು. ಅಮ್ಮನ ಮೇಲೆ ಸಿಟ್ಟು ಬರುತ್ತದೆ. ಹೋದವರ ಮೇಲೆ ಸಿಟ್ಟು ಮಾಡಿಕೊಂಡು ಏನು ಬಂತು, ಆದರೂ ಬರುತ್ತದೆ. ನಿಮ್ಮ ಪತ್ರ ಓದಿದ ರಾತ್ರಿ ಮತ್ತೆ ಬಂತು.

ನಿಮ್ಮ ಮಗಳು ಈಗ ಬೆನ್ನುನೋವನ್ನು ನಂಬಿರಬಹುದು. ನೀವು ಹೋಗದೇ ಉಳಿದರೆ ಅವಳೂ ಒಂದು ಕಾರಣ ಹುಡುಕಿಕೊಳ್ಳುತ್ತಾಳೆ. ಅದು ನಿಮ್ಮ ಭಯಕ್ಕಿಂತ ಕೆಟ್ಟದ್ದಾಗಿರುತ್ತದೆ.
— ಒಬ್ಬ ಮಗಳು

ಸಂ: ಬರೆದವರ ಒಪ್ಪಿಗೆ ಪಡೆದೇ ಪ್ರಕಟಿಸಿದ್ದೇವೆ. ಕೇಳಿದ ಪ್ರಶ್ನೆಗೆ ನೇರವಾಗಿ ಉತ್ತರಿಸಿದವರು ಒಬ್ಬ ಆಪ್ತಸಮಾಲೋಚಕರು.

‘ಭಯ ಪೂರ್ತಿ ಹೋದ ಮೇಲೆ ಟಿಕೆಟ್’ ಎಂದಿದ್ದೀರಿ. ದಯವಿಟ್ಟು ಹಾಗೆ ಕಾಯಬೇಡಿ. ಪ್ರಯಾಣ ತಪ್ಪಿಸಿಕೊಂಡಾಗ ಒಂದು ನೆಮ್ಮದಿ ಸಿಗುತ್ತದಲ್ಲ, ಭಯ ಬೆಳೆಯುವುದೇ ಅದರಿಂದ. ‘ಹೋಗಲಿಲ್ಲ, ಬಚಾವಾದೆ’ ಅಂತ ಮನಸ್ಸು ಕಲಿಯುತ್ತದೆ. ಹೋಗಿದ್ದರೂ ಏನೂ ಆಗುತ್ತಿರಲಿಲ್ಲ ಅಂತ ಕಲಿಯಲು ಅದಕ್ಕೆ ಅವಕಾಶವೇ ಇರುವುದಿಲ್ಲ. ಹಾಗಾಗಿ ನಾವು ಸ್ವಲ್ಪ ಸ್ವಲ್ಪವೇ ಭಯದ ಹತ್ತಿರ ಕರೆದೊಯ್ಯುತ್ತೇವೆ. ಮೊದಲು ವಿಮಾನ ಏರುವ, ಇಳಿಯುವ ವಿಡಿಯೊ, ಸದ್ದು ಸಮೇತ. ಎದೆ ಹೊಡೆದುಕೊಂಡರೂ ಅದು ತಾನಾಗಿ ಇಳಿಯುವವರೆಗೆ ನೋಡಬೇಕು. ಆಮೇಲೆ ನಿಲ್ದಾಣಕ್ಕೆ ಹೋಗಿ ಸುಮ್ನೆ ಕೂತು ಬರುವುದು. ಆಮೇಲೆ ಒಂದು ಗಂಟೆಯೊಳಗಿನ ಹಾರಾಟ, ಜೊತೆಗೊಬ್ಬರು ಇರಲಿ. ದೂರದ್ದು ಅದಾದ ಮೇಲೆ. ವಿಮಾನದೊಳಗೇ ಕೂತಂತೆ ಕಣ್ಣಿಗೆ ತೋರಿಸುವ ವರ್ಚುವಲ್ ರಿಯಾಲಿಟಿ ಸಾಧನ ಹಾಕಿಸಿ ಕೋಣೆಯಲ್ಲೇ ಇದನ್ನು ಮಾಡಿಸುವವರೂ ಇದ್ದಾರೆ. ಬಾರ್ಬರಾ ರಾತ್‌ಬಾಮ್ ಮತ್ತು ಅವರ ತಂಡ 2000ದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನಿಜವಾದ ನಿಲ್ದಾಣಕ್ಕೆ ಕರೆದೊಯ್ದು ಕೊಟ್ಟ ಚಿಕಿತ್ಸೆಯಷ್ಟೇ ಫಲ ಇದರಿಂದಲೂ ಸಿಕ್ಕಿತು.

ಮಾತ್ರೆ ನುಂಗಿ ಹತ್ತಿಬಿಡಿ ಅಂತ ನಿಮಗೆ ಹಲವರು ಹೇಳಿರುತ್ತಾರೆ. 1997ರ ಒಂದು ಅಧ್ಯಯನ ನೋಡಿ. ವಿಲ್ಹೆಮ್ ಮತ್ತು ರಾತ್ ಎಂಬ ಸಂಶೋಧಕರು ಭಯವಿದ್ದ 28 ಮಹಿಳೆಯರಲ್ಲಿ ಅರ್ಧ ಜನರಿಗೆ ಆಲ್ಪ್ರಜೋಲಾಮ್ ಎಂಬ ಆತಂಕ ತಗ್ಗಿಸುವ ಔಷಧ, ಉಳಿದವರಿಗೆ ಔಷಧವಿಲ್ಲದ ಮಾತ್ರೆ ಕೊಟ್ಟು ವಿಮಾನ ಹತ್ತಿಸಿದರು. ಔಷಧ ತಗೊಂಡವರಿಗೆ ಆ ದಿನ ಆತಂಕ ಕಡಿಮೆ ಅನ್ನಿಸಿತು. ವಾರದ ನಂತರ ಮಾತ್ರೆಯಿಲ್ಲದೆ ಹತ್ತಿಸಿದಾಗ ಅವರ ಆತಂಕವೇ ಹೆಚ್ಚಿತ್ತು. ಕೆಲವರಿಗೆ ಔಷಧ ಬೇಕಾಗಬಹುದು, ಅದನ್ನು ವೈದ್ಯರು ಹೇಳಲಿ. ಆದರೆ ಭಯವನ್ನು ಜೊತೆಗಿಟ್ಟುಕೊಂಡೇ ಹೋಗಿ ಬಂದ ಒಂದು ಪ್ರಯಾಣ ಕಲಿಸುವುದನ್ನು ಮಾತ್ರೆ ಕಲಿಸುವುದಿಲ್ಲ.
— ಆಪ್ತಸಮಾಲೋಚಕ

ಏನೂ ಆಗಲ್ಲ ಹೋಗಿ ಅಂತ ಸುಮ್ನೆ ಹೇಳುವವರನ್ನು ಕಂಡರೆ ನನಗೆ ಆಗಲ್ಲ. 2024ರ ಮೇ ತಿಂಗಳಲ್ಲಿ ಲಂಡನ್ನಿನಿಂದ ಸಿಂಗಪುರಕ್ಕೆ ಹೊರಟ ವಿಮಾನ ಜೋರಾಗಿ ಕುಲುಕಿ ಹತ್ತಾರು ಜನಕ್ಕೆ ಗಾಯವಾಯಿತು, ಒಬ್ಬರು ತೀರಿಕೊಂಡರು. ಆದರೂ ಆ ವಿಮಾನ ಬ್ಯಾಂಕಾಕ್‌ನಲ್ಲಿ ಇಳಿಯಿತು. ಬೆಲ್ಟ್ ದೀಪ ಆರಿದರೂ ಬೆಲ್ಟ್ ಬಿಚ್ಚಬೇಡಿ. ನಿಮ್ಮ ಕೈಯಲ್ಲಿರುವುದು ಅದೊಂದೇ, ಅದನ್ನು ಮಾಡಿ.
— ಪದೇ ಪದೇ ಪ್ರಯಾಣ ಮಾಡುವವರು

ಸಂ: ಮಾತ್ರೆಗಳ ಹೆಸರು ಸೂಚಿಸಿ ಬಂದ ಪತ್ರಗಳನ್ನು ಹಾಕಿಲ್ಲ. ಕೊನೆಯ ಪತ್ರ, ನಮ್ಮ ಓದುಗರು ಹೊರಟೇ ಹೊರಡುತ್ತಾರೆ ಎಂದು ನಂಬಿ ಬರೆದದ್ದು.

ವಿಮಾನದಲ್ಲಿ ಪ್ರಯಾಣಿಕರನ್ನು ನೋಡಿಕೊಳ್ಳುವುದು ನನ್ನ ಕೆಲಸ. ಯಾರಿಗೆ ಭಯ ಅಂತ ನಮಗೆ ಬಹಳ ಸಲ ಗೊತ್ತಾಗಿಬಿಡುತ್ತದೆ. ಸುರಕ್ಷತೆಯ ಕಾರ್ಡನ್ನು ಮತ್ತೆ ಮತ್ತೆ ಓದುತ್ತಿರುತ್ತಾರೆ, ನಮ್ಮ ಮುಖವನ್ನೇ ನೋಡುತ್ತಿರುತ್ತಾರೆ. ಆದರೂ ನೀವಾಗಿ ಹೇಳಿ. ಹತ್ತುವಾಗ ಬಾಗಿಲಲ್ಲೇ ಹೇಳಿದರೆ ಸಾಕು, ಆಗಾಗ ಬಂದು ಮಾತಾಡಿಸುತ್ತೇವೆ. ಜೋರಾಗಿ ಕುಲುಕುವಾಗ ನಾವೂ ಕೂತು ಬೆಲ್ಟ್ ಹಾಕಿಕೊಳ್ಳುತ್ತೇವೆ. ಅದನ್ನು ನೋಡಿ ಏನೋ ಆಗಿಹೋಯಿತು ಅಂದುಕೊಳ್ಳಬೇಡಿ, ಅದು ನಿಯಮ. ಸೀಟು ರೆಕ್ಕೆಯ ಆಸುಪಾಸಿನಲ್ಲಿ ಕೇಳಿ, ಹಿಂಬದಿಗಿಂತ ಅಲ್ಲಿ ಅಲುಗಾಟ ಕಡಿಮೆ. ಸಾಧ್ಯವಾದರೆ ಬೆಳಗಿನ ಹೊತ್ತಿನ ವಿಮಾನ ಹಿಡಿಯಿರಿ. ನೆಲ ಕಾದಿರುವುದಿಲ್ಲ, ಏರುವಾಗ ಗಾಳಿ ಶಾಂತವಾಗಿರುತ್ತದೆ. ಕಾಫಿ ಜಾಸ್ತಿ ಬೇಡ, ಧೈರ್ಯಕ್ಕೆ ಅಂತ ಮದ್ಯವಂತೂ ಬೇಡ. ಮಗಳು ನಿಲ್ದಾಣಕ್ಕೆ ಬರುವುದಾದರೆ ಮೊದಲೇ ಹೇಳಿಡಿ. ವಿಮಾನ ಇಳಿದರೂ ಪಾಸ್‌ಪೋರ್ಟ್ ತಪಾಸಣೆ, ಸಾಮಾನು ಅಂತ ಹೊರಗೆ ಬರಲು ಒಂದೆರಡು ಗಂಟೆ ಹಿಡಿಯಬಹುದು. ಅವಳು ಗಾಬರಿಯಾಗಬಾರದು.
— ವಿಮಾನ ಪರಿಚಾರಕಿ