ಆನೋರೆಕ್ಟಲ್ ಮ್ಯಾನೋಮೆಟ್ರಿ: ಎಲ್ಲರ ರಿಪೋರ್ಟಲ್ಲೂ ಡಿಸ್‌ಸಿನರ್ಜಿಯಾ ಬರುತ್ತಿದೆ, ಯಾಕೆ?

ಪ್ರಶ್ನೆ

ಗುದ, ಮಲಾಶಯದ ಒತ್ತಡ ಅಳೆಯುವ ಈ ಪರೀಕ್ಷೆಗೆ ಲ್ಯಾಬಿನಲ್ಲಿರುವುದು ಹೈ-ರೆಸಲ್ಯೂಷನ್ ಮೆಷಿನ್, ಸಾಲಿಡ್ ಸ್ಟೇಟ್ ಕ್ಯಾಥೆಟರ್ (ಸೆನ್ಸರ್ ಕೂರಿಸಿದ ತೆಳು ಕೊಳವೆ). ಹಳೇ ಮಲಬದ್ಧತೆ ಅಂತ ಬರುವ ಹೆಚ್ಚಿನವರಿಗೆ ತಿಣುಕಲು ಹೇಳಿದಾಗ ಗುದದ ಒತ್ತಡ ಇಳಿಯುವ ಬದಲು ಏರುತ್ತದೆ. ಸಾಫ್ಟ್‌ವೇರ್ ಡಿಸ್‌ಸಿನರ್ಜಿಯಾ (ತಳ್ಳುವಾಗ ಗುದ ಸಡಿಲವಾಗದೆ ಹೊಂದಾಣಿಕೆ ತಪ್ಪುವುದು), ಅದರಲ್ಲೂ ‘ಟೈಪ್ 1’ (ತಳ್ಳುವ ಬಲ ಸಾಕಷ್ಟಿದ್ದೂ ಗುದ ಬಿಗಿಯಾಗುವುದು) ಎಂದು ಬರೆದುಬಿಡುತ್ತದೆ. ಆದರೆ ಅವರಲ್ಲಿ ಹಲವರು ಮಲಾಶಯದಲ್ಲಿಟ್ಟ ಪರೀಕ್ಷೆಯ ಬಲೂನನ್ನು ಅರ್ಧ ನಿಮಿಷದಲ್ಲೇ ಹೊರಹಾಕುತ್ತಾರೆ. ಯಾವುದನ್ನು ನಂಬಬೇಕು? ಇನ್ನೊಂದು ಕೇಸಿನಲ್ಲಿ (ವಯಸ್ಕ) ಮಲಾಶಯದೊಳಗಿನ ಬಲೂನನ್ನು 60 ಮಿಲಿ ಊದಿದರೂ ಆರ್‌ಎಐಆರ್ ರಿಫ್ಲೆಕ್ಸ್ (ಮಲಾಶಯ ಹಿಗ್ಗಿದಾಗ ಗುದದ ಒಳ ಸ್ಫಿಂಕ್ಟರ್ ಸ್ನಾಯು ತಾನಾಗಿ ಸಡಿಲವಾಗುವುದು) ಕಾಣಲಿಲ್ಲ. ಹರ್ಷ್‌ಸ್ಪ್ರಂಗ್ (ಕರುಳಿನ ಕೊನೆಯಲ್ಲಿ ನರಕೋಶಗಳು ಹುಟ್ಟಿನಿಂದಲೇ ಇಲ್ಲದ ರೋಗ) ಅಂತ ಬರೆಯಬಹುದೇ?

ಉತ್ತರ 1

ಬಲೂನನ್ನು ನಂಬಿ. ಎಡ ಮಗ್ಗುಲಲ್ಲಿ ಮಂಡಿ ಮಡಚಿ ಮಲಗಿ, ಖಾಲಿ ಮಲಾಶಯದಲ್ಲಿ, ಅಪರಿಚಿತರ ಎದುರು ತಿಣುಕು ಅಂದರೆ ಆರೋಗ್ಯವಂತರೂ ಗುದ ಬಿಗಿ ಹಿಡಿಯುತ್ತಾರೆ. ಹಾಸಿಗೆ ಕೊಳೆಯಾದೀತೆಂಬ ಅಂಜಿಕೆ ಬೇರೆ. ಈ ಪರೀಕ್ಷೆಯ ಫಲಿತಾಂಶ ವಿಂಗಡಿಸುವ 2020ರ ಲಂಡನ್ ವರ್ಗೀಕರಣದಲ್ಲೂ ಗ್ರಾಫ್ ಕೆಟ್ಟಿದ್ದು ವಿಸರ್ಜನೆ ಸರಿಯಿದ್ದರೆ ಅದನ್ನು ‘ಖಚಿತವಲ್ಲ’ ಎಂಬ ಗುಂಪಿಗೇ ಹಾಕುತ್ತಾರೆ. ರಿಪೋರ್ಟಿನಲ್ಲಿ ಎರಡನ್ನೂ ಬರೆಯಿರಿ, ಟೈಪ್ 1 ಎಂಬ ಹಣೆಪಟ್ಟಿ ಬೇಡ.

ಕ್ರಮ ಒಮ್ಮೆ ನೋಡಿಕೊಳ್ಳಿ: ಕ್ಯಾಥೆಟರ್ ಹಾಕಿ 3 ನಿಮಿಷ ಸುಮ್ಮನೆ ಬಿಡಿ, ಆಮೇಲೆ 60 ಸೆಕೆಂಡು ವಿಶ್ರಾಂತಿಯ ಒತ್ತಡ. 5 ಸೆಕೆಂಡಿನ ಬಿಗಿತ ಮೂರು ಸಲ, 30 ಸೆಕೆಂಡಿನದು ಒಮ್ಮೆ, ಕೆಮ್ಮು ಎರಡು ಸಲ, ಕೊನೆಗೆ 15 ಸೆಕೆಂಡಿನ ತಿಣುಕು ಮೂರು ಸಲ, ನಡುವೆ 30 ಸೆಕೆಂಡು ಬಿಡುವು. ತಿಣುಕಿನಲ್ಲಿ ಮೂರರ ಪೈಕಿ ಚೆನ್ನಾಗಿ ಬಂದದ್ದನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ.

ಮೂಲ ತೊಂದರೆ ಬಹಳ ಸಲ ಮಾತಿನಲ್ಲಿರುತ್ತದೆ. ಬರೀ ‘ಪುಶ್ ಮಾಡಿ’ ಅಂದರೆ ಕೆಲವರು ಪೃಷ್ಠ ಬಿಗಿಯುತ್ತಾರೆ. ‘ಸಂಡಾಸಿಗೆ ಕೂತಾಗ ಮುಕ್ಕುತ್ತೀರಲ್ಲ, ಹಾಗೆ ಮಾಡಿ’ ಅನ್ನಿ. ಅವರ ಹೊಟ್ಟೆಯ ಮೇಲೆ ಅವರದ್ದೇ ಕೈ ಇಡಿಸಿ. ಹೊಟ್ಟೆ ಉಬ್ಬದೆ ತೊಡೆ, ಪೃಷ್ಠವಷ್ಟೇ ಬಿಗಿಯಾದರೆ ಆ ಸುತ್ತು ಲೆಕ್ಕಕ್ಕಿಲ್ಲ. ಮಲಾಶಯದ ಒತ್ತಡ ಸುಮಾರು 40 ಎಂಎಂಎಚ್‌ಜಿಗೂ ಏರದಿದ್ದರೆ ತಳ್ಳುವ ಬಲವೇ ಸಾಲದು, ಆಗ ಅದು ಟೈಪ್ 1 ಆಗುವುದೇ ಇಲ್ಲ.

ಬಲೂನ್ ಪರೀಕ್ಷೆಗೆ ಮುನ್ನ ಮ್ಯಾನೋಮೆಟ್ರಿ ಕ್ಯಾಥೆಟರ್ ತೆಗೆದಿರಬೇಕು. 50 ಮಿಲಿ ಉಗುರುಬೆಚ್ಚಗಿನ ನೀರು, ಕಮೋಡ್ ಮೇಲೆ ಕೂರಿಸಿ ಪರದೆ ಎಳೆದು ನೀವು ಹೊರಗೆ ನಿಲ್ಲಿ. ಮಿತಿ 1 ನಿಮಿಷ. ಕೆಲವು ಲ್ಯಾಬ್‌ಗಳು 2 ಕೊಡುತ್ತವೆ, ಯಾವುದೆಂದು ರಿಪೋರ್ಟಿನಲ್ಲಿ ಹಾಕಿ. ಇಂಡಿಯನ್ ಟಾಯ್ಲೆಟ್ ರೂಢಿಯವರಿಗೆ ಕಾಲಡಿ ಗಿಡ್ಡ ಸ್ಟೂಲ್ ಕೊಡಿ, ಇಲ್ಲವಾದರೆ ಕೂರುವ ಭಂಗಿಯಿಂದಲೇ ಫೇಲ್ ಆಗಬಹುದು.

ಉತ್ತರ 2

ಎರಡನೇ ಪ್ರಶ್ನೆಗೆ: ಅಷ್ಟಕ್ಕೇ ಹರ್ಷ್‌ಸ್ಪ್ರಂಗ್ ಬರೆಯಬೇಡಿ. ಹಳೇ ಮಲಬದ್ಧತೆಯಲ್ಲಿ ಮಲಾಶಯ ಹಿಗ್ಗಿರಬಹುದು, ಹಾಗಿದ್ದರೆ 60 ಮಿಲಿ ಅಲ್ಲಿ ಗೋಡೆಯನ್ನು ಮುಟ್ಟುವುದೂ ಇಲ್ಲ. ಗೋಡೆ ಹಿಗ್ಗದೆ ಒಳ ಸ್ಫಿಂಕ್ಟರ್ ಸಡಿಲವಾಗುವುದಿಲ್ಲ. ಪ್ರತಿ ಸಲ ಪೂರ್ತಿ ಖಾಲಿ ಮಾಡಿ, ಪ್ರಮಾಣ ಏರಿಸುತ್ತಾ, ಸರ್ರನೆ ಊದಿ. ರೋಗಿಯ ಸಹನೆ, ಬಲೂನ್ ಕಂಪನಿ ಹೇಳಿದ ಮಿತಿ ಎರಡನ್ನೂ ಮೀರಬೇಡಿ. ನಿಧಾನ ಊದಿದರೆ ಇಳಿತ ಚೂಪಾಗಿ ಕಾಣುವುದಿಲ್ಲ.

ಬಲೂನ್ ಕಟ್ಟಿದ ಜಾಗದಲ್ಲಿ ಗಾಳಿ ಸೋರುತ್ತಿದೆಯೇ ಎಂದು ನೀರಿನಲ್ಲಿ ಅದ್ದಿ ನೋಡಿ. ಒಳಗೆ ಮಲ ಉಳಿದಿದ್ದರೂ, ಕ್ಯಾಥೆಟರ್ ಜಾರಿದ್ದರೂ ಹೀಗೇ. ವಿಶ್ರಾಂತಿಯ ಒತ್ತಡವೇ ತೀರಾ ಕಡಿಮೆ ಇದ್ದರೆ ಇಳಿಯಲು ಏನೂ ಉಳಿದಿರುವುದಿಲ್ಲ. ಮಲಾಶಯದ ಕೆಳಭಾಗ ಕತ್ತರಿಸಿ ಜೋಡಿಸಿದ ಸರ್ಜರಿ ಆಗಿದೆಯೇ ಕೇಳಿ, ಆಗಲೂ ರಿಫ್ಲೆಕ್ಸ್ ಕಾಣೆಯಾಗಬಹುದು. ಇವೆಲ್ಲ ದಾಟಿಯೂ ಬರದಿದ್ದರೆ ಬಯಾಪ್ಸಿ; ಗ್ಯಾಂಗ್ಲಿಯಾನ್ ಕೋಶ (ಕರುಳಿನ ಗೋಡೆಯ ನರಕೋಶ) ಇಲ್ಲವೆಂದು ಹೇಳಬೇಕಾದ್ದು ಪೆಥಾಲಜಿಯವರು.

ಮತ್ತೆ, ಸಾಲಿಡ್ ಸ್ಟೇಟ್ ಸೆನ್ಸರ್‌ಗಳು ತೋರಿಸುವ ಅಂಕಿ ಮೈಶಾಖಕ್ಕೆ ಜಾರುತ್ತದೆ. ಪರೀಕ್ಷೆ ಮುಗಿದು ಹೊರತೆಗೆದ ತಕ್ಷಣ ಗಾಳಿಯಲ್ಲಿ ಹಿಡಿದು ಕೆಲ ಸೆಕೆಂಡು ರೆಕಾರ್ಡ್ ಮಾಡಿ, ಥರ್ಮಲ್ ಕಾಂಪೆನ್ಸೇಷನ್ (ಶಾಖದಿಂದಾದ ಆ ತಪ್ಪನ್ನು ಕಳೆಯುವ ತಿದ್ದುಪಡಿ) ಹಾಕದೆ ಒತ್ತಡದ ಅಂಕಿ ಬರೆಯಬೇಡಿ.

ಉತ್ತರ 3

ಮೊದಲು ಬೆರಳಿನ ಪರೀಕ್ಷೆ ಆಗಲಿ. ಫಿಶರ್ (ಗುದದ ಬಿರುಕು) ನೋವಿದ್ದರೆ ಮುಂದೂಡಿ, ನೋವಿಗೆ ಏರಿದ ಒತ್ತಡದಿಂದ ಏನೂ ತಿಳಿಯುವುದಿಲ್ಲ. ಲೇಟೆಕ್ಸ್ ಅಲರ್ಜಿ ಮತ್ತು ಓಪಿಯಾಯ್ಡ್ ನೋವಿನ ಮಾತ್ರೆ ಕೇಳುವುದನ್ನು ಮರೆಯಬೇಡಿ. ಗ್ರಾಫೂ ಬಲೂನೂ ಒಪ್ಪದಿದ್ದಾಗ ಡಿಫೆಕೋಗ್ರಫಿ (ವಿಸರ್ಜನೆ ಆಗುವಾಗಲೇ ತೆಗೆಯುವ ಸ್ಕ್ಯಾನ್) ಮಾಡಿಸಿ. ಎರಡೂ ಕೆಟ್ಟಿದ್ದರೆ ನೇರವಾಗಿ ಬಯೋಫೀಡ್‌ಬ್ಯಾಕ್‌ಗೆ (ಒತ್ತಡದ ಗ್ರಾಫ್ ನೋಡುತ್ತಾ ಸರಿಯಾಗಿ ತಳ್ಳುವುದನ್ನು ಕಲಿಸುವ ತರಬೇತಿ) ಕಳಿಸಿ, ವಿರೇಚಕದ ಡೋಸ್ ಏರಿಸುತ್ತಾ ಕೂರಬೇಡಿ.