ತಮ್ಮ ಗ್ಲಾಸ್ಗೋದಲ್ಲಿ ಪೈಪ್ ಬ್ಯಾಂಡ್ ಸೇರಿದ್ದಾನೆ, ಬೇಸಿಗೆಯಿಡೀ ತಿರುಗಾಟವಂತೆ. ಗೊತ್ತಿದ್ದವರು ಹೇಳಿ

ತೀರ್ಥಹಳ್ಳಿ ಅಕ್ಕ:

ಎಲ್ಲರಿಗೂ ನಮಸ್ಕಾರ. ನನ್ನ ತಮ್ಮ ಗ್ಲಾಸ್ಗೋದಲ್ಲಿ ಎಂ.ಎಸ್ಸಿ. ಓದುತ್ತಿದ್ದಾನೆ. ಇಲ್ಲಿ ಶಾಲೆಯ ಬ್ಯಾಂಡಿನಲ್ಲಿ ಬ್ಯಾಗ್‌ಪೈಪ್ ಊದುತ್ತಿದ್ದವನು, ಅಲ್ಲಿಗೆ ಹೋದಮೇಲೆ ಒಂದು ಗ್ರೇಡ್ 4 ಬ್ಯಾಂಡ್ (ಸ್ಪರ್ಧೆಯ ಕೆಳಗಿನ ದರ್ಜೆ, ಗ್ರೇಡ್ 1 ಎಲ್ಲಕ್ಕಿಂತ ಮೇಲು) ಸೇರಿಕೊಂಡಿದ್ದಾನೆ. ಮೇ ತಿಂಗಳಿಂದ ಶುರುವಾಗಿ ಶನಿವಾರ ಬಂತೆಂದರೆ ಬಸ್ಸು ಹತ್ತಿ ಒಂದಲ್ಲ ಒಂದು ಊರಿಗೆ ಸ್ಪರ್ಧೆಗೆ ಹೋಗುತ್ತಾರಂತೆ, ಕಡೆಗೆ ಆಗಸ್ಟ್‌ನಲ್ಲಿ ಗ್ಲಾಸ್ಗೋ ಗ್ರೀನ್ ಮೈದಾನದಲ್ಲಿ ವಿಶ್ವ ಚಾಂಪಿಯನ್‌ಶಿಪ್. ಅಮ್ಮನಿಗೆ ಓದಿನ ಚಿಂತೆ, ಊಟದ ಚಿಂತೆ (ನಮ್ಮದು ಮೊಟ್ಟೆಯನ್ನೂ ತಿನ್ನದ ಮನೆ). ಅಪ್ಪ ಫೋಟೋ ನೋಡಿ "ಲಂಗ ಹಾಕ್ಕೊಂಡು ಊರೂರು ಸುತ್ತೋಕೆ ಅಲ್ಲಿವರೆಗೆ ಹೋಗ್ಬೇಕಿತ್ತಾ" ಅಂತ ಕೇಳಿ ಸುಮ್ಮನಾದರು. ಅವನು ಕಳಿಸುವುದು ಬರೀ ನಗುವ ಫೋಟೋಗಳು. ಈ ತಿರುಗಾಟದಲ್ಲಿ ನಿಜವಾಗಿ ದಿನ ಹೇಗೆ ಕಳೆಯುತ್ತದೆ? ಯಾರಾದರೂ ಹೋದವರು, ನೋಡಿದವರು ಇದ್ದೀರಾ?

ಸೊರಬದ ಸುಬೇದಾರ್:

ಅಮ್ಮ, ನಾನು ಸೇನೆಯಲ್ಲಿ ಪಲ್ಟನ್ನಿನ ಪೈಪ್ ಬ್ಯಾಂಡಿನಲ್ಲಿದ್ದವನು. ಸ್ಕಾಟ್ಲೆಂಡ್ ನೋಡಿಲ್ಲ, ಆದರೆ ವಾದ್ಯ ಅದೇ, ಪಾಡೂ ಅದೇ. ಬ್ಯಾಂಡಿನ ತಿರುಗಾಟದಲ್ಲಿ ನುಡಿಸುವ ಹೊತ್ತು ಕಮ್ಮಿ. ಕಾಯುವುದು ಮತ್ತು ಶ್ರುತಿ ಮಾಡುವುದೇ ಜಾಸ್ತಿ. ದೊಡ್ಡ ಗ್ರೇಡ್ 1 ಬ್ಯಾಂಡಿಗೇ ಮೆಡ್ಲಿ (ಹಲವು ಧಾಟಿಗಳ ಸರಮಾಲೆ) ನುಡಿಸಲು ಸಿಗುವುದು 5ರಿಂದ 7 ನಿಮಿಷ. ಅದಕ್ಕಾಗಿ ಬೆಳಗಿನ ಜಾವ ಎದ್ದು, ಬಸ್ಸಿನಲ್ಲಿ ಹೋಗಿ, ಹುಲ್ಲಿನ ಮೇಲೆ ಗಂಟೆಗಟ್ಟಲೆ ನಿಲ್ಲಬೇಕು.

ಯಾಕೆ ಅಂತ ಹೇಳುತ್ತೇನೆ. ಒಂದು ಪೈಪಿನಲ್ಲಿ ನಾಲ್ಕು ರೀಡು, ಅಂದರೆ ಗಾಳಿಗೆ ಕಂಪಿಸಿ ನಾದ ಕೊಡುವ ನಾಲಿಗೆ. ಬೆರಳಾಡಿಸುವ ಚಾಂಟರ್‌ನಲ್ಲಿ ಒಂದು, ಹೆಗಲ ಮೇಲೆ ನಿಂತು ಒಂದೇ ಸ್ವರ ಹಿಡಿಯುವ ಮೂರು ಕೊಳವೆ, ಅಂದರೆ ಡ್ರೋನ್‌ಗಳಲ್ಲಿ ಒಂದೊಂದು. ವಾಲಗದಲ್ಲಿ ಶ್ರುತಿ ಹಿಡಿಯುವವನು ಬೇರೆ ಇರುತ್ತಾನೆ, ಇಲ್ಲಿ ಆ ಕೆಲಸವೂ ಊದುವವನದೇ. ಚಾಂಟರ್ ಬಿಸಿಯಾದರೆ ಸ್ವರ ಏರುತ್ತದೆ, ತಣ್ಣನೆ ಗಾಳಿ ಬೀಸಿದರೆ ಇಳಿಯುತ್ತದೆ. ಹಾಗಾಗಿ ಪೈಪ್ ಮೇಜರ್, ಅಂದರೆ ಬ್ಯಾಂಡಿನ ಮುಖ್ಯಸ್ಥ, ಒಬ್ಬೊಬ್ಬರ ಮುಂದೆ ನಿಂತು, ತಲೆ ಓರೆ ಮಾಡಿ ಕೇಳಿ, ಚಾಂಟರಿನ ತೂತಿನ ಮೇಲಂಚಿಗೆ ಸಣ್ಣ ಟೇಪ್ ಅಂಟಿಸಿ, ಅದನ್ನು ಉಗುರಿನಿಂದ ಕೂದಲೆಳೆಯಷ್ಟು ಕೆಳಗೆ ಜಾರಿಸಿ, ಮತ್ತೆ ಕೇಳಿ, ಆಮೇಲೆ ಡ್ರೋನಿನ ಮೇಲಿನ ತುಂಡನ್ನು ತಿರುಗಿಸುತ್ತ ಏರಿಸಿ ಇಳಿಸಿ, ಹೀಗೆ ಇಪ್ಪತ್ತು ಜನರನ್ನು ಒಂದೇ ಸ್ವರಕ್ಕೆ ತರುವಷ್ಟರಲ್ಲಿ ಮಳೆ ಬರುತ್ತದೆ. ಮತ್ತೆ ಮೊದಲಿಂದ ಶುರು!

ಇನ್ನೊಂದು ಮಾತು. ಕಿವಿಗೆ ಪ್ಲಗ್ ಹಾಕಿಕೊಳ್ಳಲು ಹೇಳಿ. ಮಧ್ಯದಲ್ಲಿ ನಿಂತವನಿಗೆ ಸದ್ದು 100 ಡೆಸಿಬೆಲ್ ದಾಟುತ್ತದೆ. ಹುಡುಗರು ನಾಚಿಕೆಯಿಂದ ಹಾಕಿಕೊಳ್ಳುವುದಿಲ್ಲ.

ಹೊಸನಗರ ಟು ಎಡಿನ್‌ಬರೋ:

ನಾನು ಇಲ್ಲೇ ಇರುವವಳು, ಪಕ್ಕದ ಮನೆಯವರು ಬ್ಯಾಂಡಿನಲ್ಲಿ ಡ್ರಮ್ಮರ್. ಬೇಸಿಗೆಯಲ್ಲಿ ಅವರ ಜೊತೆ ನಾನೂ ಹೋಗುತ್ತಿರುತ್ತೇನೆ.

ಊಟದ ಬಗ್ಗೆ ಅಮ್ಮ ಹೆದರಬೇಕಾಗಿಲ್ಲ, ಆದರೆ ಹುಷಾರಾಗಿರಬೇಕು. ಹ್ಯಾಗಿಸ್ ಅಂದರೆ ಕುರಿಯ ಒಳಾಂಗಗಳದ್ದು, ಸಸ್ಯಾಹಾರಿ ಹ್ಯಾಗಿಸ್ ಕೂಡ ಅಂಗಡಿಯಲ್ಲಿ ಸಿಗುತ್ತದೆ. ಗುಟ್ಟಾಗಿ ಕೈಕೊಡುವುದು ಆಲೂಗಡ್ಡೆ ಚಿಪ್ಸ್ (ನಮ್ಮಲ್ಲಿ ಫ್ರೆಂಚ್ ಫ್ರೈಸ್ ಅನ್ನುವಂಥದ್ದು). ಕೆಲವು ಅಂಗಡಿಗಳಲ್ಲಿ ಅದನ್ನು ದನದ ಕೊಬ್ಬಿನಲ್ಲಿ ಕರಿಯುತ್ತಾರೆ, ಕೇಳಿಯೇ ತೆಗೆದುಕೊಳ್ಳಲಿ. ಚಿತ್ರಾನ್ನ ಡಬ್ಬಿ ಕಟ್ಟಿಕೊಂಡು ಹೋದರೆ ಎಲ್ಲಕ್ಕಿಂತ ಒಳ್ಳೆಯದು, ಬಸ್ಸಿನಲ್ಲಿ ಅರ್ಧ ಡಬ್ಬಿ ಬೇರೆಯವರೇ ಖಾಲಿ ಮಾಡುತ್ತಾರೆ ಅನ್ನುವುದು ಬೇರೆ ಮಾತು.

ಓದಿನ ವಿಷಯಕ್ಕೆ ಮಾತ್ರ ಅಮ್ಮನ ಚಿಂತೆ ಸರಿ. ಇಲ್ಲಿ ಒಂದು ವರ್ಷದ ಎಂ.ಎಸ್ಸಿ. ಆದರೆ ಸಾಮಾನ್ಯವಾಗಿ ಜೂನ್‌ನಿಂದ ಆಗಸ್ಟ್‌ವರೆಗೆ ಪ್ರಬಂಧ ಬರೆಯುವ ಕಾಲ. ಸ್ಪರ್ಧೆಗಳೂ ಸರಿಯಾಗಿ ಆಗಲೇ. ಅದರ ಮೇಲೆ ವಾರದ ಮಧ್ಯೆ ರಾತ್ರಿ ಅಭ್ಯಾಸ. ಪ್ರಬಂಧ ಯಾವಾಗ ಕೊಡಬೇಕು ಅಂತ ಪೈಪ್ ಮೇಜರ್‌ಗೆ ಈಗಲೇ ಹೇಳಿಡಲಿ. ಡಂಬಾರ್ಟನ್‌ನಂಥ ಹತ್ತಿರದ ಊರಿನ ಸ್ಪರ್ಧೆಗೆ ಹೋಗಿ, ದೂರದ್ದನ್ನು ಬಿಟ್ಟರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ದುಡ್ಡು: ಇಂಥ ಬ್ಯಾಂಡುಗಳಲ್ಲಿ ಸಂಬಳ ಇರುವುದಿಲ್ಲ. ಆದರೆ ಪೈಪರ್‌ಗಳನ್ನು ಮದುವೆಗೆ ಕರೆದು ಕೈಗೆ ನೋಟು ಕೊಡುವುದು ಇಲ್ಲಿ ಮಾಮೂಲಿ. ದಯವಿಟ್ಟು ಅದು ಬೇಡ ಅನ್ನಿ. ಸ್ಟೂಡೆಂಟ್ ವೀಸಾದಲ್ಲಿ ಕಲಾವಿದನಾಗಿ ದುಡಿಯುವಂತಿಲ್ಲ, ಸ್ವಂತ ಉದ್ಯೋಗವನ್ನೂ ಮಾಡುವಂತಿಲ್ಲ. ಹವ್ಯಾಸಕ್ಕೆ ಬ್ಯಾಂಡಿನಲ್ಲಿ ನುಡಿಸಿದರೆ ತೊಂದರೆ ಇಲ್ಲ.

ಲಂಗದ ಬಗ್ಗೆ ಅಪ್ಪನಿಗೆ ಹೇಳಿ: ಒಂದು ಕಿಲ್ಟ್‌ಗೆ ಸುಮಾರು 8 ಗಜ ಉಣ್ಣೆ ಬಟ್ಟೆ ಹೋಗುತ್ತದೆ. ಮಳೆಯಲ್ಲಿ ನೆನೆದರೆ ಗದ್ದೆ ಕೆಲಸದ ಕಂಬಳಿ ಕೊಪ್ಪೆಯಷ್ಟೇ ಭಾರ. ಚೀಲದಲ್ಲಿ ಮಡಚಿಟ್ಟರೆ ನೆರಿಗೆ ಕೆಡುತ್ತದೆ ಅಂತ ನಮ್ಮ ಪಕ್ಕದವರು ಉದ್ದಕ್ಕೆ ಸುರುಳಿ ಸುತ್ತಿ ಹಳೆಯ ನೈಲಾನ್ ಕಾಲುಚೀಲದೊಳಗೆ ತೂರಿಸುತ್ತಾರೆ. ಹೈಲ್ಯಾಂಡ್ ಕಡೆ ಹೋದರೆ ಮಿಜ್ ಅನ್ನುವ ನೊರಜಿನ ಕಾಟ ಬೇರೆ. ಬರಿಯ ಮೊಣಕಾಲಿಗೆ ಮುತ್ತಿಕೊಳ್ಳುತ್ತವೆ, ಎರಡೂ ಕೈ ಚಾಂಟರ್ ಮೇಲೆ, ಹೊಡೆಯುವ ಹಾಗೂ ಇಲ್ಲ. ನಮ್ಮ ಇಂಬಳವೇ ವಾಸಿ, ಕಚ್ಚಿದ್ದಾದರೂ ಗೊತ್ತಾಗುವುದಿಲ್ಲ.

ಡೊಳ್ಳು ಸಾಗರ:

ಸುಬೇದಾರ್ ಸಾರ್ ಹೆದರಿಸಿಬಿಟ್ಟರು ಮಾರಾಯ್ರೇ. ನಮ್ಮ ಡೊಳ್ಳು ತಂಡವೂ ತಿರುಗುತ್ತದೆ. ಕಾಯುವುದು ಬೇಜಾರು ಅಂತ ನನಗೆ ಯಾವತ್ತೂ ಅನ್ನಿಸಿಲ್ಲ, ತಂಡ ಕೂಡಿಕೊಳ್ಳುವುದೇ ಕಾಯುವಾಗ. ಹುಡುಗ ಪರದೇಶದಲ್ಲಿ ರೂಮಿನಲ್ಲಿ ಒಬ್ಬನೇ ಕೂರುವ ಬದಲು ಶನಿವಾರ ಹತ್ತಾರು ಜನರ ಜೊತೆ ಇರುತ್ತಾನಲ್ಲ, ಅಮ್ಮನಿಗೆ ಅದನ್ನು ಹೇಳಿ.

ಆದರೆ ವಿಡಿಯೋ ನೋಡಿದಾಗ ಒಂದು ಅರ್ಥವಾಗಲಿಲ್ಲ. ಸ್ಪರ್ಧೆಯಲ್ಲಿ ಎಲ್ಲರೂ ವೃತ್ತದಲ್ಲಿ ಒಳಮುಖವಾಗಿ ನಿಂತು, ಜನರಿಗೆ ಬೆನ್ನು ಹಾಕಿ ನುಡಿಸುತ್ತಾರೆ! ನಾವು ಹಾಗೆ ಮಾಡಿದರೆ ಜನ ಎದ್ದು ಹೋಗುತ್ತಾರೆ.

ಸೊರಬದ ಸುಬೇದಾರ್:

ಡೊಳ್ಳಿನವರೇ, ಒಬ್ಬರಿಗೊಬ್ಬರು ಕೇಳಬೇಕು, ಪೈಪ್ ಮೇಜರ್‌ನ ಕಾಲು ಮತ್ತು ಬೆರಳು ಎಲ್ಲರಿಗೂ ಕಾಣಬೇಕು, ಅದಕ್ಕೆ ವೃತ್ತ. ತೀರ್ಪುಗಾರರು ಹೊರಗಿನಿಂದ ಸುತ್ತುತ್ತ ಬರೆದುಕೊಳ್ಳುತ್ತಾರೆ. ದೊಡ್ಡ ಸ್ಪರ್ಧೆಯಲ್ಲಿ ನಾಲ್ವರು: ಪೈಪಿಗೆ ಇಬ್ಬರು, ಡ್ರಮ್ಮಿಗೆ ಒಬ್ಬರು, ಒಟ್ಟು ಮೇಳಕ್ಕೆ ಒಬ್ಬರು. ಬೆನ್ನ ಹಿಂದೆ ಅವರು ಬಂದು ನಿಂತಾಗ ಗೊತ್ತಾಗುತ್ತದೆ, ಚೀಲ ಒತ್ತುವ ಕೈ ಗಟ್ಟಿಯಾಗುತ್ತದೆ. ಒತ್ತಡ ಒಂದು ಚೂರು ಏರಿದರೂ ಸ್ವರ ಏರುತ್ತದೆ, ಈ ವಾದ್ಯಕ್ಕೆ ಮುಚ್ಚಿಡುವುದು ಗೊತ್ತಿಲ್ಲ. ನಡುವೆ ನಿಲ್ಲಿಸುವ ಹಾಗೂ ಇಲ್ಲ, ಒಂದೇ ಸ್ವರವನ್ನು ಎರಡು ಸಲ ಬಿಡಿಸಿ ನುಡಿಸಬೇಕಾದರೂ ಮಧ್ಯೆ ಬೇರೆ ಬೆರಳು ಮಿಂಚಿಸಿಯೇ ಆಗಬೇಕು.

ತೀರ್ಥಹಳ್ಳಿ ಅಕ್ಕ:

ತುಂಬಾ ಉಪಕಾರವಾಯಿತು. ಅಮ್ಮನಿಗೆ ಎಲ್ಲ ಓದಿ ಹೇಳಿದೆ, ಚಿತ್ರಾನ್ನದ ಹತ್ತಿರ ಮುಖ ಅರಳಿತು. ಕೊನೆಯದಾಗಿ ಒಂದು: ಅಲ್ಲೇ ಒಂದು ಹಳೆಯ ಪೈಪ್ ಕೊಂಡು ಊರಿಗೆ ತರುತ್ತೇನೆ ಅನ್ನುತ್ತಿದ್ದಾನೆ. ತರಬಹುದಾ? ನಮ್ಮ ಮಳೆಗೆ ಉಳಿಯುತ್ತದಾ?

ಸೊರಬದ ಸುಬೇದಾರ್:

ತರಬಹುದು, ಆದರೆ ಕೊಳವೆಗಳ ಮೇಲಿನ ಬಿಳಿ ಬಳೆಗಳನ್ನು ನೋಡಿಕೊಳ್ಳಲಿ. ಹಳೆಯ ಪೈಪುಗಳಲ್ಲಿ ಅದು ನಿಜವಾದ ಆನೆ ದಂತ ಆಗಿರಬಹುದು. ಅಂಥದ್ದನ್ನು ಗಡಿ ದಾಟಿಸಲು ಹೋಗಲೇಬಾರದು. ಮರ ಸಾಮಾನ್ಯವಾಗಿ ಆಫ್ರಿಕನ್ ಬ್ಲ್ಯಾಕ್‌ವುಡ್, ನಮ್ಮ ಬೀಟೆಯ ಕುಲದ್ದೇ. 2017ರಲ್ಲಿ ಅದಕ್ಕೂ ಅಂತರರಾಷ್ಟ್ರೀಯ ಕಾಗದಪತ್ರ ಬೇಕಾಗಿತ್ತು, ಸಿದ್ಧ ವಾದ್ಯಗಳಿಗೆ 2019ರಿಂದ ವಿನಾಯಿತಿ ಇದೆ.

ಮಳೆಗಾಲದಲ್ಲಿ ಊದಿದ ಮೇಲೆ ಒಳಗೆಲ್ಲ ಬಟ್ಟೆ ಎಳೆದು ಒರೆಸಬೇಕು. ಹಸಿಯಿದ್ದಾಗ ಪೆಟ್ಟಿಗೆಗೆ ಹಾಕಿದರೆ ರೀಡಿಗೆ ಬೂಷ್ಟು ಗ್ಯಾರಂಟಿ. ಅಡುಗೆಮನೆಯ ಅಟ್ಟದ ಬಿಸಿಗೆ ಇಡುವುದೂ ಬೇಡ, ಮರ ಸೀಳುತ್ತದೆ. ಚೀಲ ಚರ್ಮದ್ದಾಗಿದ್ದರೆ ಬದಲಿಸಿ ಸಿಂಥೆಟಿಕ್ ಹಾಕಿಸಿಕೊಂಡೇ ಬರಲಿ. ಮನೆಯಲ್ಲಿ ದನ ಇದ್ದರೆ ಕೊಟ್ಟಿಗೆಯಿಂದ ದೂರ ನಿಂತು ಊದಲಿ. ಹಗ್ಗ ಕಿತ್ತುಕೊಂಡು ಓಡಿದರೆ ಹುಡುಕಲು ನೀವೇ ಹೋಗಬೇಕಾಗುತ್ತದೆ.