ಎಟಿಪಿ ಬದಲಾಯಿಸಿದರೂ ನ್ಯೂರಾನ್ ಮಾದರಿ ಜಗ್ಗುತ್ತಿಲ್ಲ (ಕೆ-ಎಟಿಪಿ ಚಾನೆಲ್)

ಹೇಮಾವತಿ_ದಂಡೆ, ಹಾಸನ
ನಮಸ್ಕಾರ. ಪೈಥಾನ್‌ನಲ್ಲಿ ಹೈಪೋಥಲಾಮಸ್‌ನ ಪಿಒಎಂಸಿ ನ್ಯೂರಾನ್‌ನ ಸಣ್ಣ ಮಾದರಿ ಮಾಡುತ್ತಿದ್ದೇನೆ. ಮಿದುಳಿನ ಆ ಭಾಗದಲ್ಲಿ ಹೊಟ್ಟೆ ತುಂಬಿತು ಅಂತ ಸುದ್ದಿ ಕೊಡುವ ಕೋಶ ಅದು. ಗ್ಲೂಕೋಸ್ ಏರಿದರೆ ಎಟಿಪಿ (ಕೋಶಕ್ಕೆ ಶಕ್ತಿ ಕೊಡುವ ಅಣು) ಏರಬೇಕು, ಕೆ-ಎಟಿಪಿ ಚಾನೆಲ್ (ಕೋಶದ ಪೊರೆಯಲ್ಲಿ ಪೊಟ್ಯಾಸಿಯಂ ಹೊರಬಿಡುವ ಬಾಗಿಲು) ಮುಚ್ಚಬೇಕು, ಪೊಟ್ಯಾಸಿಯಂ ಸೋರಿಕೆ ತಗ್ಗಿ ನ್ಯೂರಾನ್ ಜಾಸ್ತಿ ಫೈರ್ ಆಗಬೇಕು (ವಿದ್ಯುತ್ ಮಿಡಿತ ಹೊರಡಿಸಬೇಕು). ನನ್ನದು ಏನು ಮಾಡಿದರೂ ಒಂದೇ ವೇಗ! ಎಟಿಪಿ 1ರಿಂದ 4 ಮಿಲಿಮೋಲಾರ್‌ವರೆಗೆ ಬದಲಾಯಿಸಿದೆ. ಅರ್ಧ ಚಾನೆಲ್ ಮುಚ್ಚುವ ಮಟ್ಟ 10 ಮೈಕ್ರೋಮೋಲಾರ್ ಅಂತ ಇಟ್ಟಿದ್ದೇನೆ. ಪೊಟ್ಯಾಸಿಯಂ ರಿವರ್ಸಲ್ (ಅದರ ಹರಿವು ನಿಲ್ಲುವ ವೋಲ್ಟೇಜ್) ಮೈನಸ್ 90 ಮಿಲಿವೋಲ್ಟ್. ಯೂನಿಟ್ ಎಲ್ಲಾ ಸರಿ ಇದೆ.

ಗಿರಿ_ಮಂಜು, ಚಿಕ್ಕಮಗಳೂರು
ಆ 10 ಮೈಕ್ರೋಮೋಲಾರೇ ತೊಂದರೆ ಮಾರಾಯ್ರೆ. ಅದು ಪೊರೆಯ ತುಣುಕನ್ನು ಕೋಶದಿಂದ ಕಿತ್ತು, ಮೆಗ್ನೀಷಿಯಂ ಇಲ್ಲದ ದ್ರಾವಣದಲ್ಲಿ ಅಳೆದಾಗ ಸಿಗುವ ಅಂಕಿ. ಹಿಲ್ ಸಂಖ್ಯೆ (ಎಟಿಪಿಗೆ ಚಾನೆಲ್ ಎಷ್ಟು ಕಡಿದಾಗಿ ಸ್ಪಂದಿಸುತ್ತದೆ ಎಂಬ ಅಂಕಿ) 1 ಅಂತ ಇಟ್ಟು ಲೆಕ್ಕ ಹಾಕಿ: ಎಟಿಪಿ 1 ಮಿಲಿಮೋಲಾರ್ ಇದ್ದಾಗ ತೆರೆದಿರುವುದು ಸುಮಾರು ಶೇ 1, 4 ಇದ್ದಾಗ ಶೇ 0.25. ಎರಡು ಕಡೆಯೂ ಬಾಗಿಲು ಹಾಕಿದ ಹಾಗೇ ಅಲ್ವಾ?

ನಿಜವಾದ ಕೋಶದಲ್ಲಿ ಎಡಿಪಿ (ಎಟಿಪಿ ಖರ್ಚಾದಾಗ ಉಳಿಯುವ ಅಣು) ಇದೆ. ಚಾನೆಲ್‌ನಲ್ಲಿ ಎರಡು ಬಗೆಯ ಪ್ರೋಟೀನ್ ತುಂಡುಗಳಿವೆ: ನಾಲ್ಕು ಕಿರ್6.2, ನಾಲ್ಕು ಎಸ್‌ಯುಆರ್1. ಎಟಿಪಿ ಕಿರ್6.2ಗೆ ಅಂಟಿ ಮುಚ್ಚುತ್ತದೆ. ಮೆಗ್ನೀಷಿಯಂ ಜೊತೆಗಿನ ಎಡಿಪಿ ಎಸ್‌ಯುಆರ್1ಗೆ ಅಂಟಿ ತೆರೆಯುತ್ತದೆ. ನಿಮ್ಮ ಕೋಡ್‌ನಲ್ಲಿ ಎಡಿಪಿಯೇ ಇಲ್ಲ.

ಸರ್ಕ್ಯೂಟ್_ಚನ್ನರಾಯಪಟ್ಟಣ
ಇಷ್ಟು ಸಣ್ಣ ಕೋಶದಲ್ಲಿ ಶೇ 1 ಕೂಡ ಲೆಕ್ಕಕ್ಕೆ ಬರುತ್ತೆ ಸರ್. ಗರಿಷ್ಠ ವಾಹಕತೆ (ಎಲ್ಲಾ ಚಾನೆಲ್ ತೆರೆದಾಗಿನದು) ಏರಿಸಿದರೆ ಸಾಕು.

ಗಿರಿ_ಮಂಜು
ಏರಿಸಿದರೆ ಗ್ರಾಫ್ ಚೆನ್ನಾಗಿ ಬರುತ್ತೆ, ಒಪ್ಪಿದೆ. ಆದರೆ ಅದಕ್ಕೆ ಎಟಿಪಿ ನಾಲ್ಕು ಪಟ್ಟು ಏರಬೇಕು. ಜೀವಂತ ಕೋಶದಲ್ಲಿ ಊಟದಿಂದ ಊಟಕ್ಕೆ ಅಷ್ಟು ಏರಿಳಿತ ಎಲ್ಲಿದೆ? ಎಟಿಪಿ 3ರಿಂದ 3.2ಕ್ಕೆ ಹೋಗಿ, ಎಡಿಪಿ 0.5ರಿಂದ 0.3ಕ್ಕೆ ಇಳಿಯಿತು ಅಂದುಕೊಳ್ಳಿ (ಇದು ಸುಮ್ನೆ ಉದಾಹರಣೆ). ಎಟಿಪಿ ಶೇ 7ರಷ್ಟು ಏರಿದರೆ ಎಡಿಪಿ ಶೇ 40 ಇಳಿದಿದೆ. ಆಟ ಇರುವುದು ಅಲ್ಲಿ.

ಇನ್ನೊಂದು, ಗ್ಲೂಕೋಸ್ ರಕ್ತದ ಲೆಕ್ಕದಲ್ಲಿ ಹಾಕಬೇಡಿ. ಲ್ಯಾಬ್ ರಿಪೋರ್ಟ್‌ನ 90 (ಡೆಸಿಲೀಟರ್‌ಗೆ ಮಿಲಿಗ್ರಾಂ) ಅಂದ್ರೆ 5 ಮಿಲಿಮೋಲಾರ್. ಮಿದುಳಿನ ಕೋಶಗಳ ಸುತ್ತ ಅದಕ್ಕಿಂತ ಸಾಕಷ್ಟು ಕಡಿಮೆ ಇರುತ್ತದೆ.

ಹೇಮಾವತಿ_ದಂಡೆ
ಎಡಿಪಿ ಸೇರಿಸಿದೆ. ಈಗ ಕಡಿಮೆ ಗ್ಲೂಕೋಸ್‌ನಲ್ಲಿ ಸುಮ್ಮನಾಗುತ್ತದೆ, ಏರಿಸಿದರೆ ಫೈರ್ ಆಗುತ್ತದೆ. ಇದು ಸರಿ ಅಂತ ನಂಬುವುದು ಹೇಗೆ?

ಗಿರಿ_ಮಂಜು
ಔಷಧಿ ಹಾಕಿ ನೋಡಿ, ಕೋಡ್‌ನಲ್ಲೇ. ಟಾಲ್ಬ್ಯುಟಮೈಡ್ ಈ ಚಾನೆಲ್ ಮುಚ್ಚುತ್ತದೆ, ಡಯಾಜಾಕ್ಸೈಡ್ ತೆರೆಯುತ್ತದೆ. ವಾಹಕತೆ ಸೊನ್ನೆ ಮಾಡಿದರೆ ಗ್ಲೂಕೋಸ್ ಕಡಿಮೆ ಇದ್ದರೂ ಫೈರ್ ಆಗಬೇಕು. ಪೂರ್ತಿ ತೆರೆದಿಟ್ಟರೆ ಗ್ಲೂಕೋಸ್ ಎಷ್ಟಿದ್ದರೂ ಸುಮ್ಮನಿರಬೇಕು. ಮೆಡಿಕಲ್ ಶಾಪ್‌ನ ಗ್ಲಿಮೆಪಿರೈಡ್ ಮಾತ್ರೆ ಕೂಡ ಮೇದೋಜೀರಕದಲ್ಲಿ ಇದೇ ಚಾನೆಲ್ ಮುಚ್ಚಿ ಇನ್ಸುಲಿನ್ ಬಿಡಿಸುವುದು.

2007ರಲ್ಲಿ ಪ್ರಕಟವಾದ ಇಲಿ ಪ್ರಯೋಗ ಓದಿ. ಪಿಒಎಂಸಿ ನ್ಯೂರಾನ್‌ನಲ್ಲಿ ಮಾತ್ರ ಎಟಿಪಿಗೆ ಮುಚ್ಚದ ಚಾನೆಲ್ ಇಟ್ಟಿದ್ದರು. ಇಡೀ ಮೈ ಗ್ಲೂಕೋಸ್ ಸಂಭಾಳಿಸುವುದೇ ಕೆಟ್ಟಿತು.

ಹೇಮಾವತಿ_ದಂಡೆ
ಎರಡೂ ಪರೀಕ್ಷೆ ಪಾಸ್. ಲೆಪ್ಟಿನ್ (ಕೊಬ್ಬಿನ ಕೋಶಗಳು ಬಿಡುವ, ಹಸಿವು ತಗ್ಗಿಸುವ ಹಾರ್ಮೋನ್) ಕೂಡ ಇದೇ ಚಾನೆಲ್‌ಗೆ ಸೇರಿಸಲಾ?

ಗಿರಿ_ಮಂಜು
ಬೇಡ. ಪಿಒಎಂಸಿಯಲ್ಲಿ ಲೆಪ್ಟಿನ್ ಟಿಆರ್‌ಪಿಸಿ ಚಾನೆಲ್ ತೆರೆಯುತ್ತದೆ, ಅದರಲ್ಲಿ ಸೋಡಿಯಂ, ಕ್ಯಾಲ್ಸಿಯಂ ಒಳಗೆ ಬರುತ್ತವೆ. ಬೇರೆ ಫಂಕ್ಷನ್ ಬರೆದು, ರಿವರ್ಸಲ್ ಸೊನ್ನೆ ಮಿಲಿವೋಲ್ಟ್ ಹತ್ತಿರ ಇಡಿ.